ಎರಡನೇ ಪದರಕ್ಕೂ ದಾರಿ ಗೊತ್ತು

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಹಳ್ಳಿಗಳ ಇಂಟರ್‌ನೆಟ್ ಬಗ್ಗೆ ಬಂದ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಖುಷಿಗೆ, ಎರಡನೇ ಸಲ ಪೆನ್ಸಿಲ್ ಹಿಡಿದುಕೊಂಡು. ಮೆಶ್ ಜಾಲದ, ಅಂದರೆ ಮನೆಮನೆಯ ರೌಟರುಗಳೇ (ವೈಫೈ ಡಬ್ಬಿಗಳೇ) ಒಂದರಿಂದ ಒಂದಕ್ಕೆ ಸಂಪರ್ಕ ದಾಟಿಸುವ ಜಾಲದ ವಿಚಾರ ಕನ್ನಡ ಪತ್ರಿಕೆಯಲ್ಲಿ ಅರ್ಧ ಪುಟ ಬಂದದ್ದೇ ದೊಡ್ಡದು. ಆದರೆ ಪಕ್ಕದ ಬಾಕ್ಸಿನಲ್ಲಿದ್ದ ಎರಡು ಮಾತಿಗೆ ನನ್ನ ತಕರಾರಿದೆ. (ಜಾಲದ ಕೆಲಸವನ್ನು ಒಂದರ ಮೇಲೊಂದು ಪದರಗಳಾಗಿ ಹಂಚಿರುತ್ತಾರೆ.) ದಾರಿ ಹುಡುಕುವುದು ಮೂರನೇ ಪದರದ, ಅಂದರೆ ಐಪಿ ವಿಳಾಸದ ಕೆಲಸ. ಎರಡನೆಯದಾದ ಡೇಟಾ ಲಿಂಕ್ ಪದರಕ್ಕೆ ಪಕ್ಕದ ಯಂತ್ರದ ಆಚೆಗೆ ಏನೂ ಕಾಣುವುದಿಲ್ಲ ಎಂಬುದು ಒಂದು. ಮೆಶ್ ಡಬ್ಬಿಗಳನ್ನು ಒಮ್ಮೆ ಕೂರಿಸಿದರೆ ಸಾಕು, ಮತ್ತೆ ನೋಡಿಕೊಳ್ಳುವವರೇ ಬೇಡ ಎಂಬುದು ಇನ್ನೊಂದು. ಮೊದಲನೆಯದು ಪಠ್ಯಪುಸ್ತಕದಲ್ಲಿ ಸರಿ, ನಮ್ಮ ಕೇರಿಯಲ್ಲಿ ತಪ್ಪು. ಎರಡನೆಯದು ಎಲ್ಲಿಯೂ ಸರಿಯಲ್ಲ. ಯಾಕೆಂದರೆ ನಮ್ಮ ಒಂಬತ್ತು ಮನೆಗಳ ನಡುವೆ 2020ರಿಂದ ದಾರಿ ಹುಡುಕಿಕೊಡುತ್ತಿರುವುದು ಅದೇ ಎರಡನೇ ಪದರ. ಅದನ್ನು ನೋಡಿಕೊಳ್ಳುವವನು ನಾನು.

ನಾನು ಹೊಸನಗರ ತಾಲ್ಲೂಕಿನ ಮೂಲೆಯವನು. ಮೂವತ್ತೈದು ವರ್ಷ ಟೆಲಿಫೋನ್ ಮೆಕ್ಯಾನಿಕ್ ಆಗಿ ಕಂಬ ಹತ್ತಿದ್ದೇನೆ. 2020ರ ಜನವರಿಯಲ್ಲಿ ಸ್ವಯಂ ನಿವೃತ್ತಿ ತಗೊಂಡು ಅಡಿಕೆ ತೋಟಕ್ಕೆ ವಾಪಸ್ ಬಂದೆ. ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗುತ್ತಲೇ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಅಣ್ಣನ ಮಗಳು ಲ್ಯಾಪ್‌ಟಾಪ್ ಹೊತ್ತುಕೊಂಡು ಊರಿಗೆ ಬಂದಳು. ಫೈಬರ್ ಬಂದದ್ದು ಟಾರು ರಸ್ತೆ ಪಕ್ಕದ ಕೆಳಗಿನಮನೆಗೆ ಮಾತ್ರ. ಎರಡು ತಿಂಗಳು ಅವರ ಜಗಲಿಯಲ್ಲೇ ಕೂತು ಕೆಲಸ ಮಾಡಿದಳು. ಮೇ ಕೊನೆಗೆ ಗಾಳಿ ಮಳೆಯ ಇರಚಲು ಜಗಲಿಗೆ ಹೊಡೆಯತೊಡಗಿದಾಗ, "ಚಿಕ್ಕಪ್ಪ, ಮನೆಗೊಂದು ಹಳೇ ರೌಟರ್ ತರಿಸೋಣ. ಕಂಬ ನೀವು ನೆಡಿ, ಉಳಿದದ್ದು ನಾನು ನೋಡ್ಕೋತೀನಿ" ಅಂದಳು. ಹಾಗೆ ಶುರುವಾಯಿತು. (ಸಂಪರ್ಕ ಹಂಚಿಕೊಳ್ಳಲು ಕೇಬಲ್ ಕೊಟ್ಟವರ ಒಪ್ಪಿಗೆಯನ್ನು ಕಾಗದದಲ್ಲೇ ಪಡೆದಿದ್ದೇವೆ. ಇಲಾಖೆಯಲ್ಲಿದ್ದವನಿಗೆ ಆ ಭಯ ಹೋಗುವುದಿಲ್ಲ.)

ಗಾಳಿಯಲ್ಲಿ ಸಿಗ್ನಲ್ ಹಾರಿಸಲು ಪರವಾನಗಿ ಬೇಡವೇ ಎಂದು ಊರಲ್ಲಿ ಎಲ್ಲರೂ ಕೇಳಿದರು. ವೈಫೈ ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಕೇಂದ್ರ ಸರ್ಕಾರ 2005ರಲ್ಲೇ ಪರವಾನಗಿಯಿಂದ ಬಿಡಿಸಿದೆ. 5 ಗಿಗಾಹರ್ಟ್ಸ್ ಪಟ್ಟಿಯನ್ನು ಹೊರಾಂಗಣಕ್ಕೂ ಬಿಟ್ಟದ್ದು 2018ರ ಅಕ್ಟೋಬರ್‌ನಲ್ಲಿ. ಶಕ್ತಿಯ ಮಿತಿ ಮೀರಬಾರದು, ಅಷ್ಟೇ. 2005ರ ಆ ಆದೇಶದ ಬೆನ್ನಿಗೇ ಹಿಮಾಚಲದ ಧರ್ಮಶಾಲಾದಲ್ಲಿ ಟಿಬೆಟನ್ನರ ನಡುವೆ ಗುಡ್ಡದಿಂದ ಗುಡ್ಡಕ್ಕೆ ಮೆಶ್ ಜಾಲ ಎದ್ದು ನಿಂತಿತು. ಆಂಟೆನಾಗಳಿಗೆ ಮಂಗಗಳು ಜೋತುಬೀಳುವ ಕಾಟ ಅವರಿಗೂ ಇತ್ತಂತೆ. ಅದನ್ನು ಓದಿದ ದಿನ ನನಗೆ ಸಮಾಧಾನವಾಯಿತು. ನಮ್ಮ ರಾಜ್ಯದಲ್ಲೇ ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತ ಜನಸ್ತು ಸಂಸ್ಥೆಯವರು ಜನರೇ ನಡೆಸುವ ವೈಫೈ ಮೆಶ್ ಕಟ್ಟಿದ್ದಾರೆ. ನಾವೇನೂ ಮೊದಲಿಗರಲ್ಲ.

ಈಗ ಪದರದ ವಿಷಯಕ್ಕೆ ಬರುತ್ತೇನೆ.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಟೆಲಿಫೋನ್ ನಂಬರಿನೊಳಗೇ ದಾರಿ ಇರುತ್ತಿತ್ತು. ಹಳೆಯ ಸ್ಟ್ರೌಜರ್ ಎಕ್ಸ್‌ಚೇಂಜಿನಲ್ಲಿ ನೀವು ಒಂದೊಂದು ಅಂಕಿ ತಿರುಗಿಸಿದಾಗಲೂ ಒಂದೊಂದು ಸೆಲೆಕ್ಟರ್ ಟಕಟಕ ಎಂದು ಮೇಲೇರಿ ತಿರುಗಿ ಕೂರುತ್ತಿತ್ತು. 1986ರಲ್ಲಿ ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆಯಾದ ಸಿ-ಡಾಟ್‌ನವರ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜ್ ಮೊದಲು ಕಿತ್ತೂರಿನಲ್ಲಿ ಶುರುವಾಗಿ ಆಮೇಲೆ ನಮ್ಮ ಕಡೆಗೂ ಬಂದಾಗ ಆ ಟಕಟಕ ಸದ್ದು ಹೋಯಿತು. ಆದರೂ ನಂಬರಿನ ಮೊದಲ ಅಂಕಿಗಳು ಊರನ್ನು ಹೇಳುವುದು ನಿಲ್ಲಲಿಲ್ಲ. ಐಪಿ ವಿಳಾಸವೂ ಅದೇ ಜಾತಿ. ಮೊದಲ ಭಾಗ ನೋಡಿದರೆ ಯಾವ ಜಾಲ ಎಂದು ತಿಳಿಯುತ್ತದೆ, ಮುಂದಿನದು ಆಮೇಲೆ.

ಎರಡನೇ ಪದರ ಬಳಸುವ ಮ್ಯಾಕ್ ವಿಳಾಸ, ಅಂದರೆ ಯಂತ್ರಕ್ಕೆ ಕಾರ್ಖಾನೆಯಲ್ಲೇ ಕೊಟ್ಟ ಸಂಖ್ಯೆ, ಹಾಗಲ್ಲ. 48 ಬಿಟ್‌ಗಳ ಆ ಸಂಖ್ಯೆಯ ಮೊದಲರ್ಧ ಸಾಮಾನ್ಯವಾಗಿ ಯಂತ್ರ ಮಾಡಿದ ಕಂಪನಿ ಯಾವುದೆಂದು ಹೇಳುತ್ತದೆಯೇ ಹೊರತು ಯಂತ್ರ ಎಲ್ಲಿದೆ ಎಂದು ಹೇಳುವುದಿಲ್ಲ. ನಮ್ಮ ಪಕ್ಕದ ಮನೆಯ ರೌಟರಿಗೂ ಜರ್ಮನಿಯ ಒಂದು ರೌಟರಿಗೂ ಹೆಚ್ಚುಕಮ್ಮಿ ಒಂದೇ ತರಹದ ಸಂಖ್ಯೆ ಇರಬಹುದು. ನಿಮ್ಮ ಲೇಖಕರು ಎರಡನೇ ಪದರಕ್ಕೆ ದಾರಿ ಕಾಣದು ಎಂದದ್ದು ಈ ಕಾರಣಕ್ಕೇ ಇರಬೇಕು. ಊರಿನ ಹೆಸರಿಲ್ಲದ ಲಕೋಟೆಯನ್ನು ಅಂಚೆಯವನು ಎಲ್ಲಿಗೆ ಒಯ್ಯುತ್ತಾನೆ, ಅಲ್ಲವೇ?

ಒಯ್ಯುತ್ತಾನೆ. ಊರು ಚಿಕ್ಕದಿದ್ದರೆ ಒಯ್ಯುತ್ತಾನೆ. ನಮ್ಮಲ್ಲಿ ಮನೆಗಳಿಗೆ ನಂಬರಿಲ್ಲ. ಕೆಳಗಿನಮನೆ, ತೋಟದಮನೆ, ದಿಬ್ಬದಮನೆ, ಮೇಲಿನಮನೆ, ಹಳ್ಳದಾಚೆ. ಹೊಸ ಪೋಸ್ಟ್‌ಮ್ಯಾನ್ ಬಂದು ಹಳ್ಳದಾಚೆಗೆ ದಾರಿ ಕೇಳಿದರೆ ಕೆಳಗಿನಮನೆಯ ಅಜ್ಜಿ ನಕ್ಷೆ ಬರೆದು ಕೊಡುವುದಿಲ್ಲ. "ತೋಟದಮನೆಗೆ ಹೋಗಿ ಕೇಳು" ಎನ್ನುತ್ತಾರೆ. ಅಲ್ಲಿಯವರು ಸಂಕ ತೋರಿಸುತ್ತಾರೆ. ಪೂರ್ತಿ ದಾರಿ ಯಾರ ತಲೆಯಲ್ಲೂ ಇರಬೇಕಾಗಿಲ್ಲ. ಮುಂದಿನ ಮನೆ ಯಾವುದೆಂದು ಗೊತ್ತಿದ್ದರೆ ಸಾಕು.

ನಮ್ಮ ಡಬ್ಬಿಗಳಲ್ಲಿ ಈ ಕೆಲಸ ಮಾಡುವ ತಂತ್ರಾಂಶದ ಹೆಸರು ಬ್ಯಾಟ್‌ಮನ್. ಸಿನಿಮಾದವನಲ್ಲ, ಒಂದು ಉದ್ದನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು. ಹುಟ್ಟಿದ್ದು ಬರ್ಲಿನ್‌ನಲ್ಲಿ, ಫ್ರೈಫುಂಕ್ ಎಂಬ ಸಮುದಾಯ ಜಾಲದವರ ಕೈಯಲ್ಲಿ. ಅವರು ಮೊದಲು ಬಳಸುತ್ತಿದ್ದದ್ದು ಓಎಲ್‌ಎಸ್‌ಆರ್ ಎಂಬ ಮೂರನೇ ಪದರದ ವಿಧಾನ. ಅದರಲ್ಲಿ ಪ್ರತಿ ರೌಟರೂ ಇಡೀ ಜಾಲದ ನಕ್ಷೆ ಇಟ್ಟುಕೊಂಡು ಲೆಕ್ಕ ಹಾಕುತ್ತಲೇ ಇರಬೇಕು. ಮನೆಗಳು ಹೆಚ್ಚಿದಂತೆ ಅಂಗೈಯಗಲದ ರೌಟರುಗಳು ಲೆಕ್ಕದಲ್ಲೇ ಬಸವಳಿದವು. ನಕ್ಷೆಯೇ ಬೇಡ ಎಂದು 2006ರ ಸುಮಾರಿಗೆ ಅವರು ಹೊಸ ಹಾದಿ ಹಿಡಿದರು. ಆಮೇಲೆ ಅದನ್ನು ಎರಡನೇ ಪದರಕ್ಕೇ ಇಳಿಸಿದರು. 2011ರಲ್ಲಿ ಲಿನಕ್ಸ್ ಎಂಬ ಕಾರ್ಯಾಚರಣೆ ತಂತ್ರಾಂಶದ ತಿರುಳಾದ ಕರ್ನಲ್‌ನ 2.6.38ನೇ ಆವೃತ್ತಿಗೆ ಅದು ಸೇರಿಕೊಂಡಿತು. ಅದೇ ವರ್ಷ ಅಂತಿಮಗೊಂಡ 802.11ಎಸ್ ಎಂಬ ವೈಫೈ ಮಾನಕವೂ ಮ್ಯಾಕ್ ವಿಳಾಸದ ಮೇಲೆಯೇ ದಾರಿ ಹುಡುಕುತ್ತದೆ. ಆ ಮಾನಕದವರು ರೌಟಿಂಗ್ ಎಂಬ ಪದವನ್ನು ಮೂರನೇ ಪದರಕ್ಕೇ ಬಿಟ್ಟು 'ಹಾದಿ ಆಯ್ಕೆ' ಎಂದು ಕರೆದುಕೊಂಡಿದ್ದಾರೆ. ಹೆಸರಿನ ಮರ್ಯಾದೆ ಉಳಿಸಿಕೊಂಡರು, ಕೆಲಸ ಮಾತ್ರ ಅದೇ. ನಮ್ಮಲ್ಲಿ ಡಬ್ಬಿಯಿಂದ ಡಬ್ಬಿಗೆ ಕೊಂಡಿ ಹಾಕುವುದಕ್ಕೆ 11ಎಸ್ ಇದೆ, ಆದರೆ ಅದರ ದಾರಿ ಹುಡುಕುವ ಭಾಗವನ್ನು ಆಫ್ ಮಾಡಿ ಆ ಕೆಲಸವನ್ನು ಬ್ಯಾಟ್‌ಮನ್‌ಗೆ ಕೊಟ್ಟಿದ್ದೇವೆ. ಒಂದು ಮನೆಗೆ ಇಬ್ಬರು ಯಜಮಾನರು ಬೇಡ.

ಅದು ಕೆಲಸ ಮಾಡುವ ಬಗೆಯನ್ನು ಅಣ್ಣನ ಮಗಳು ಮೂರು ಸಲ ಹೇಳಿದರೂ ನನ್ನ ತಲೆಗೆ ಹೋಗಲಿಲ್ಲ. ಒಂದು ಸಂಜೆ ಹಳ್ಳದಾಚೆಯವರು ಗುಡ್ಡದಿಂದ ಕೂ ಹಾಕಿದಾಗ ಹೋಯಿತು. ಮಲೆನಾಡಿನವರಿಗೆ ಕೂ ಅಂದರೆ ಏನೆಂದು ಹೇಳಬೇಕಾಗಿಲ್ಲ. ಫೋನ್ ಬರುವ ಮೊದಲು ತೋಟದಿಂದ ಮನೆಗೆ, ಮನೆಯಿಂದ ಗುಡ್ಡಕ್ಕೆ ಸುದ್ದಿ ಮುಟ್ಟುತ್ತಿದ್ದುದು ಕೂಗಿನಲ್ಲೇ. ಕೇಳಿದವರು ಮುಂದಿನವರಿಗೆ ಕೇಳಲೆಂದು ಮತ್ತೆ ಕೂ ಹಾಕುತ್ತಿದ್ದರು.

ಬ್ಯಾಟ್‌ಮನ್ ಇರುವ ಪ್ರತಿ ಡಬ್ಬಿಯೂ ಸೆಕೆಂಡಿಗೊಂದು ಸಲ ಹೀಗೆ ಕೂ ಹಾಕುತ್ತದೆ: "ನಾನು ಇದ್ದೇನೆ, ಇದು ನನ್ನ ಇಷ್ಟನೇ ಕೂ". ಕೇಳಿದ ಡಬ್ಬಿಗಳು ಅದನ್ನೇ ಮುಂದಕ್ಕೆ ದಾಟಿಸುತ್ತವೆ. ಹಳ್ಳದಾಚೆಯ ಕೂ ನಮ್ಮ ಮನೆಗೆ ಎರಡು ಮೂರು ಬಾಯಿಗಳಿಂದ ಬಂದು ಮುಟ್ಟುತ್ತದೆ. ಯಾವ ನೆರೆಯವನ ಬಾಯಿಂದ ಚೆನ್ನಾಗಿ ಬಂತೋ ಹಳ್ಳದಾಚೆಗೆ ಹೋಗುವ ಫ್ರೇಮನ್ನು (ಎರಡನೇ ಪದರದಲ್ಲಿ ಸಾಗುವ ಮಾಹಿತಿಯ ಕಟ್ಟನ್ನು) ಅವನ ಕೈಗೆ ಕೊಡುವುದು. ಅವನು ಮುಂದೆ ಯಾರಿಗೆ ಕೊಡುತ್ತಾನೆ ಎಂಬುದು ಅವನಿಗೆ ಬಿಟ್ಟದ್ದು.

ಇದರಲ್ಲೊಂದು ಜಾಣತನವಿದೆ. ನೆರೆಯವನ ಕೂ ನನಗೆ ಕೇಳಿದರೆ ಸಾಲದು, ನನ್ನ ಕೂ ಅವನಿಗೆ ಕೇಳಬೇಕು, ಏಕೆಂದರೆ ಸಾಮಾನು ಕಳಿಸುವವನು ನಾನು. ಅದನ್ನು ತಿಳಿಯಲು ಡಬ್ಬಿ ತಾನು ಹಾಕಿದ ಕೂ ನೆರೆಯವನ ಬಾಯಿಂದ ತಿರುಗಿ ಬರುವುದನ್ನು ಎಣಿಸುತ್ತದೆ. ಎರಡೂ ಲೆಕ್ಕ ಹೋಲಿಸಿ 255ಕ್ಕೆ ಒಂದು ಅಂಕ ಕೊಡುತ್ತದೆ. ದಾಟಿಸುವಾಗ ಪ್ರತಿಯೊಬ್ಬರೂ ತಮ್ಮ ಕೊಂಡಿಯ ಗುಣವನ್ನು ಆ ಅಂಕಕ್ಕೆ ಗುಣಿಸುತ್ತಾರೆ. ಎರಡು ಕೊಂಡಿಗಳು ಒಂದೊಂದೂ ನೂರಕ್ಕೆ ಎಂಬತ್ತರಂತೆ ಇದ್ದರೆ ಕೊನೆಗೆ ಮುಟ್ಟುವುದು 163. ಇದರ ಮೇಲೆ ಹೆಜ್ಜೆಗಿಷ್ಟು ಎಂದು ಸ್ವಲ್ಪ ಸುಂಕವೂ ಉಂಟು.

ಈ ಅಂಕಗಳನ್ನು ನಾನು ದಿನಾ ಬೆಳಿಗ್ಗೆ ಕಾಫಿ ಆದ ಮೇಲೆ ನೋಟ್ ಪುಸ್ತಕದಲ್ಲಿ ಬರೆಯುತ್ತೇನೆ. ಲೈನ್ ಟೆಸ್ಟ್ ಮಾಡಿ ಬರೆದಿಡುವ ಚಾಳಿ, ಬಿಡಲಿಲ್ಲ. ಮ್ಯಾಕ್ ವಿಳಾಸಗಳ ಬದಲು ಮನೆಗಳ ಹೆಸರೇ ಪರದೆಯಲ್ಲಿ ಕಾಣುವಂತೆ ಅಣ್ಣನ ಮಗಳು ಒಂದು ಕಡತದಲ್ಲಿ ಬರೆದಿಟ್ಟು ಹೋಗಿದ್ದಾಳೆ, ಹಾಗಾಗಿ ನನಗೆ ಓದುವುದು ಸುಲಭ. ಏಪ್ರಿಲ್‌ನಲ್ಲಿ ಕೆಳಗಿನಮನೆಯಿಂದ ಹಳ್ಳದಾಚೆಗೆ ದಾರಿ ತೋಟದಮನೆಯ ಮೇಲೆ, ಎರಡೇ ಹೆಜ್ಜೆ, ಅಂಕ 220ರ ಆಚೀಚೆ. ಜೂನ್ ಎರಡನೇ ವಾರದಲ್ಲಿ ಮಳೆ ಹಿಡಿಯುತ್ತದೆ. ಅಡಿಕೆ ಸೋಗೆಗಳು ನೀರು ಕುಡಿದು ತೂಗುತ್ತವೆ. 2.4 ಗಿಗಾಹರ್ಟ್ಸ್ ಅಲೆ ಒದ್ದೆ ಎಲೆಗೆ ಸೋಲುತ್ತದೆ. ಅದೂ ಅಲ್ಲದೆ 400 ಮೀಟರ್ ದೂರದ ಕೊಂಡಿಗೆ ನಡುದಾರಿಯಲ್ಲಿ ಸುತ್ತಲೂ ಮೂರೂವರೆ ಮೀಟರ್ ತೆರವಿರಬೇಕು. ಬರೀ ಆಂಟೆನಾಕ್ಕೆ ಆಂಟೆನಾ ಕಂಡರೆ ಸಾಲದು. ಅಂಕ 190, 160, 120 ಎಂದು ಇಳಿಯುತ್ತ ಹೋಗಿ ಒಂದು ಬೆಳಿಗ್ಗೆ ನೋಡಿದರೆ ದಾರಿಯೇ ಬದಲಾಗಿರುತ್ತದೆ: ಕೆಳಗಿನಮನೆ, ದಿಬ್ಬದಮನೆ, ಮೇಲಿನಮನೆ, ಹಳ್ಳದಾಚೆ. ಮೂರು ಹೆಜ್ಜೆ. ದೀಪಾವಳಿ ಕಳೆದು ಕೊನೆಕೊಯ್ಲು ಶುರುವಾಗುವ ಹೊತ್ತಿಗೆ ಮತ್ತೆ ತೋಟದ ದಾರಿ. ನಮ್ಮ ಜನ ನಡೆಯುವುದೂ ಹೀಗೇ. ಬೇಸಿಗೆಯಲ್ಲಿ ತೋಟದೊಳಗಿನ ಹಳ್ಳ ದಾಟಿ ಹೋಗುತ್ತಾರೆ, ಮಳೆಗಾಲದಲ್ಲಿ ದಿಬ್ಬ ಸುತ್ತಿ ಬರುತ್ತಾರೆ. ಡಬ್ಬಿಗೆ ಇದನ್ನು ಯಾರೂ ಕಲಿಸಿರಲಿಲ್ಲ.

ದಾರಿ ಬದಲಾದದ್ದು ಮನೆಯವರಿಗೆ ತಿಳಿಯುವುದೂ ಇಲ್ಲ. ಎರಡನೇ ಪದರದಲ್ಲಿ ದಾರಿ ಹುಡುಕುವುದರ ದೊಡ್ಡ ಲಾಭ ಇದೇ. ಮೇಲಿನ ಐಪಿ ಪದರಕ್ಕೆ ನಮ್ಮ ಒಂಬತ್ತು ಮನೆಗಳ ಕೇರಿ ಒಂದೇ ಒಂದು ದೊಡ್ಡ ನೆಟ್‌ವರ್ಕ್ ಸ್ವಿಚ್ (ಹಲವು ಯಂತ್ರಗಳ ತಂತಿಗಳನ್ನು ಕೂಡಿಸುವ ಪೆಟ್ಟಿಗೆ) ತರಹ ಕಾಣುತ್ತದೆ. ಹಳ್ಳದಾಚೆಯಿಂದ ಕೆಳಗಿನಮನೆಗೆ ಸಾಮಾನ್ಯ ಟ್ರೇಸ್‌ರೂಟ್ (ದಾರಿಯ ಹೆಜ್ಜೆಗಳನ್ನು ತೋರಿಸುವ ಉಪಕರಣ) ಮಾಡಿದರೆ ಒಂದೇ ಹೆಜ್ಜೆ ತೋರಿಸುತ್ತದೆ. ಗುಡ್ಡ, ತೋಟ, ಹಳ್ಳ ಎಲ್ಲ ದಾಟಿ ಬಂದ ಮಾತಿಗೆ ಒಂದೇ ಹೆಜ್ಜೆ! ಮೊದಲ ಸಲ ನೋಡಿದಾಗ ಉಪಕರಣವೇ ಕೆಟ್ಟಿದೆ ಅಂದುಕೊಂಡೆ. ಒಳಗಿನ ನಿಜವಾದ ಹೆಜ್ಜೆಗಳನ್ನು ನೋಡಲು ಬ್ಯಾಟ್‌ಮನ್‌ನದೇ ಬೇರೆ ಟ್ರೇಸ್‌ರೂಟ್ ಇದೆ, ಅದು ಮ್ಯಾಕ್ ವಿಳಾಸದಲ್ಲಿ ನಡೆಯುತ್ತದೆ. ಐಪಿ ವಿಳಾಸ ಹಂಚುವುದು ಕೆಳಗಿನಮನೆಯ ಒಂದೇ ಡಬ್ಬಿ. ನನ್ನ ಹೆಂಡತಿ ವಾಟ್ಸ್‌ಆ್ಯಪ್‌ನಲ್ಲಿ ತಂಗಿಯ ಹತ್ತಿರ ಮಾತಾಡುತ್ತ ನಮ್ಮ ಅಂಗಳದಿಂದ ದಿಬ್ಬದಮನೆಗೆ ಮಜ್ಜಿಗೆ ಒಯ್ದರೂ ಕರೆ ಕಡಿಯುವುದಿಲ್ಲ. ವಿಳಾಸ ಅದೇ, ಆ ಫೋನು ಈಗ ಯಾವ ಡಬ್ಬಿಯ ಕೆಳಗಿದೆ ಎಂಬುದನ್ನು ಡಬ್ಬಿಗಳು ತಮ್ಮತಮ್ಮಲ್ಲೇ ಹೇಳಿಕೊಂಡಿರುತ್ತವೆ. ಮೂರನೇ ಪದರದಲ್ಲಿ ಮನೆಗೊಂದು ಜಾಲ ಎಂದು ಮಾಡಿದ್ದರೆ ಅವಳ ಮಾತು ದಣಪೆ ದಾಟುವಾಗಲೇ ನಿಂತು ಬೈಗುಳ ನನಗೆ ಬೀಳುತ್ತಿತ್ತು.

ಇಷ್ಟೆಲ್ಲ ಹೊಗಳಿದೆ. ಇನ್ನು, ನೋಡಿಕೊಳ್ಳುವವರೇ ಬೇಡ ಎಂಬ ಮಾತಿಗೆ.

ಮೊದಲ ವರ್ಷವೇ ಹಳ್ಳದಾಚೆಯ ಹುಡುಗನ ಆನ್‌ಲೈನ್ ಕ್ಲಾಸ್ ಆಗಾಗ ನಿಲ್ಲುತ್ತಿತ್ತು. ನಾನು ಪುಸ್ತಕ ನೋಡಿದರೆ ಅಂಕ 240! ಅವನು ಸುಳ್ಳು ಹೇಳುತ್ತಾನೆ ಎಂದೇ ನಂಬಿದ್ದೆ. ಒಂದು ದಿನ ಅವರ ಜಗಲಿಯಲ್ಲಿ ಕೂತು ನಾನೇ ನೋಡಿದೆ. ಡಬ್ಬಿ ತೋಟದಮನೆಯನ್ನು ಬಿಟ್ಟು ನೇರ ಕೆಳಗಿನಮನೆಗೆ ಮಾತಾಡುತ್ತಿತ್ತು. ಆ ಕೊಂಡಿಯಲ್ಲಿ ಸೆಕೆಂಡಿಗೆ ಒಂದು ಮೆಗಾಬಿಟ್ ಕೂಡ ಸರಿಯಾಗಿ ಹರಿಯುತ್ತಿರಲಿಲ್ಲ. ವಿಷಯ ಏನೆಂದರೆ, ಎಲ್ಲರಿಗೂ ಎಂದು ಹಾಕುವ ಕೂಗನ್ನು ವೈಫೈ ತನ್ನ ಅತಿ ನಿಧಾನದ ವೇಗದಲ್ಲಿ ಕಳಿಸುತ್ತದೆ. ನಿಧಾನವಾದಷ್ಟೂ ದೂರಕ್ಕೆ ಕೇಳುತ್ತದೆ. ಕೂ ಗುಡ್ಡದಾಚೆಗೂ ಮುಟ್ಟೀತು, ಹಾಗೆಂದು ಅಲ್ಲಿಗೆ ಕೂಗುತ್ತ ಮನೆಯ ಕಷ್ಟಸುಖ ಮಾತಾಡಲಾದೀತೇ? ಬ್ಯಾಟ್‌ಮನ್ ಎಣಿಸಿದ್ದು ಕೂ ಎಷ್ಟು ಮುಟ್ಟಿತು ಎಂಬುದನ್ನು, ಮಾತು ಎಷ್ಟು ಸಾಗಿತು ಎಂಬುದನ್ನಲ್ಲ. ಪ್ರಸಾರದ ವೇಗವನ್ನು 12 ಮೆಗಾಬಿಟ್‌ಗೆ ಏರಿಸಿದೆವು. ಕೂಗಿನ ದೂರ ತಗ್ಗಿತು, ದುರ್ಬಲ ಕೊಂಡಿಗಳ ಅಂಕ ಬಿತ್ತು, ದಾರಿ ತೋಟದಮನೆಗೆ ತಿರುಗಿತು. ಇದೇ ಕುಂದನ್ನು ಸರಿಪಡಿಸಲೆಂದು ಬ್ಯಾಟ್‌ಮನ್‌ನ ಐದನೇ ಆವೃತ್ತಿಯಲ್ಲಿ ಅಂಕದ ಬದಲು ಕೊಂಡಿಯ ವೇಗವನ್ನೇ ಅಳೆಯುವ ಏರ್ಪಾಡಿದೆ. ನಮ್ಮ ಹಳೇ ಡಬ್ಬಿಗಳಲ್ಲಿ ನಾಲ್ಕನೆಯದೇ ಓಡುತ್ತಿದೆ. ಓಡುವುದನ್ನು ಮುಟ್ಟಬಾರದು ಎಂಬುದು ನನ್ನ ಮೂವತ್ತೈದು ವರ್ಷದ ಪಾಠ.

ಆ ಪಾಠವನ್ನು ನಾನೇ ಒಮ್ಮೆ ಮರೆತೆ. 2021ರ ಶ್ರಾವಣ. ನಮ್ಮ ಮೇಲಿನಮನೆಗೂ ದಿಬ್ಬದಮನೆಗೂ ನಡುವೆ ಎಂಬತ್ತು ಮೀಟರ್. ಏನಾದರೂ ತಂತಿಯ ಮುಂದೆ ಗಾಳಿ ಎಲ್ಲಿ ಎಂಬ ಲೈನ್‌ಮ್ಯಾನ್ ಬುದ್ಧಿ ಎದ್ದು, ಯಾರಿಗೂ ಹೇಳದೆ ಹೊರಾಂಗಣದ ಲ್ಯಾನ್ ಕೇಬಲ್ ಎಳೆದು ಎರಡೂ ಡಬ್ಬಿಗಳ ಹಳದಿ ಪೋರ್ಟಿಗೆ ಚುಚ್ಚಿದೆ. ಒಂದು ನಿಮಿಷವೂ ಆಗಿಲ್ಲ, ಒಂಬತ್ತೂ ಮನೆ ಸತ್ತವು. ಡಬ್ಬಿಯ ದೀಪಗಳು ಮಿನುಗುವುದು ಬಿಟ್ಟು ಉರಿಯುತ್ತಲೇ ನಿಂತವು. ಕೆಳಗಿನಮನೆಯಲ್ಲಿ ಪುರೋಹಿತರು ಬೆಂಗಳೂರಿನ ಮಗನಿಗೆ ಮೊಬೈಲಿನಲ್ಲಿ ಸತ್ಯನಾರಾಯಣ ಕಥೆ ತೋರಿಸುತ್ತಿದ್ದರು. ಕಥೆ ಸಾಧುವಿನ ದೋಣಿಯಲ್ಲೇ ನಿಂತಿತು.

ದಿಬ್ಬ ಹತ್ತಿ ಒಂದು ಕಡ್ಡಿ ಸಿಗ್ನಲ್ ಹಿಡಿದು ಅಣ್ಣನ ಮಗಳಿಗೆ ಫೋನ್ ಮಾಡಿದೆ.

"ಚಿಕ್ಕಪ್ಪ, ಕಡೆಗೆ ಏನು ಮಾಡಿದ್ರಿ?"

"ನಾನೇನೂ ಮಾಡಿಲ್ಲ."

"ಏನೋ ಮಾಡಿದ್ದೀರಿ."

ಮೂವತ್ತೈದು ವರ್ಷ ಗಿರಾಕಿಗಳಿಗೆ ನಾನು ಕೇಳಿದ ಪ್ರಶ್ನೆ ಅದು, ಅವರು ಕೊಟ್ಟ ಉತ್ತರವೂ ಅದೇ. ಕೇಬಲ್ ಕಿತ್ತ ಮೇಲೆ ಎಲ್ಲ ಸರಿಹೋಯಿತು.

ಆದದ್ದು ಏನೆಂದರೆ ಬ್ರಾಡ್‌ಕಾಸ್ಟ್ ಬಿರುಗಾಳಿ, ಅಂದರೆ ಎಲ್ಲರಿಗೂ ಎಂದು ಕಳಿಸಿದ ಫ್ರೇಮುಗಳು ಸುತ್ತಿ ಸುತ್ತಿ ಜಾಲವನ್ನೇ ತುಂಬಿಬಿಡುವುದು. ಐಪಿ ಪ್ಯಾಕೆಟ್ಟಿಗೆ ಆಯುಸ್ಸಿನ ಲೆಕ್ಕವಿದೆ. ಒಂದೊಂದು ರೌಟರ್ ದಾಟಿದಾಗಲೂ ಒಂದೊಂದು ಕಳೆದು, ಸೊನ್ನೆಯಾದಾಗ ಸಾಯುತ್ತದೆ. ಎರಡನೇ ಪದರದ ಈಥರ್‌ನೆಟ್ ಫ್ರೇಮಿಗೆ ಆ ಲೆಕ್ಕವೇ ಇಲ್ಲ. ಸುತ್ತುದಾರಿ ಸಿಕ್ಕರೆ ಗಾಣದ ಎತ್ತಿನಂತೆ ತಿರುಗುತ್ತಲೇ ಇರುತ್ತದೆ. ಬ್ಯಾಟ್‌ಮನ್ ತನ್ನ ಹೊದಿಕೆಯಲ್ಲಿ ತಾನೇ ಒಂದು ಆಯುಸ್ಸು ಬರೆದು ಕಳಿಸುತ್ತದೆ ನಿಜ. ಆದರೆ ನಾನು ಎಳೆದ ತಂತಿ ಅದರ ಮನೆಯ ಹೊರಗಿತ್ತು. ಫ್ರೇಮ್ ದಿಬ್ಬದಮನೆಯಲ್ಲಿ ಹೊದಿಕೆ ಕಳಚಿಕೊಂಡು ತಂತಿಗೆ ಇಳಿಯುತ್ತದೆ, ಮೇಲಿನಮನೆಯಲ್ಲಿ ಹೊಸಬನಂತೆ ಒಳಗೆ ಬಂದು ಹೊಸ ಹೊದಿಕೆ, ಹೊಸ ಆಯುಸ್ಸು ಪಡೆಯುತ್ತದೆ. ಇದನ್ನು ತಡೆಯುವ ಸೌಲಭ್ಯ ಬ್ಯಾಟ್‌ಮನ್‌ನಲ್ಲೇ ಇದೆ. ಹಳೇ ಡಬ್ಬಿಯ ಮೆಮೊರಿ ಉಳಿಸಲು ಅದನ್ನು ಆಫ್ ಮಾಡಿಟ್ಟವನೂ ನಾನೇ.

ಈ ರೋಗ ಹೊಸದಲ್ಲ. 1985ರಲ್ಲಿ ಅಮೆರಿಕದ ಡಿಇಸಿ ಕಂಪನಿಯಲ್ಲಿದ್ದ ರೇಡಿಯಾ ಪರ್ಲ್‌ಮನ್ ಎಂಬಾಕೆ ಇದಕ್ಕೆ ಮದ್ದು ಕಂಡುಹಿಡಿದರು. ಸ್ಪ್ಯಾನಿಂಗ್ ಟ್ರೀ ಎನ್ನುತ್ತಾರೆ. ಸ್ವಿಚ್‌ಗಳು ತಮ್ಮಲ್ಲೇ ಮಾತಾಡಿಕೊಂಡು ಹೆಚ್ಚುವರಿ ದಾರಿಗಳನ್ನು ಮುಚ್ಚಿ, ಕೊಂಬೆ ರೆಂಬೆಗಳ ಮರದಂತೆ ಒಂದೊಂದೇ ದಾರಿ ಉಳಿಸಿಕೊಳ್ಳುತ್ತವೆ. ಇವತ್ತಿಗೂ ಆಫೀಸು ಕಾಲೇಜುಗಳ ಸ್ವಿಚ್‌ಗಳಲ್ಲಿ ಅದರ ಮಕ್ಕಳು ಮೊಮ್ಮಕ್ಕಳು ಓಡುತ್ತಿವೆ. ಆದರೆ ಹೆಚ್ಚುವರಿ ದಾರಿಯೇ ನಮ್ಮ ಬಂಡವಾಳ. ಮಳೆಗಾಲದ ದಾರಿಯನ್ನು ಬೇಸಿಗೆಯಲ್ಲಿ ಮುಚ್ಚಿಟ್ಟರೆ ನಾವು ಕೆಟ್ಟೆವು. ಹಾಗಾಗಿ ಮೆಶ್‌ಗೆ ಬೇರೆ ಬುದ್ಧಿ ಬೇಕಾಯಿತು. ಆ ಕೇಬಲ್ ಈಗಲೂ ಇದೆ. ಈಗ ಅದು ಬ್ಯಾಟ್‌ಮನ್‌ನ ಒಳಗೇ ಇನ್ನೊಂದು ದಾರಿಯಾಗಿ ಸೇರಿದೆ, ಗಾಳಿಯ ಕೊಂಡಿಗಳಂತೆ ಅದಕ್ಕೂ ಅಂಕ ಬೀಳುತ್ತದೆ. ಹೊದಿಕೆಯ 32 ಬೈಟ್‌ಗಳಿಗೆ ಜಾಗವಾಗಲೆಂದು ಫ್ರೇಮಿನ ಮಿತಿಯನ್ನು 1500ರಿಂದ 1532ಕ್ಕೆ ಏರಿಸಬೇಕಾಯಿತು.

ಮಿತಿಗಳನ್ನೂ ಹೇಳಬೇಕು. ನಮ್ಮ ಡಬ್ಬಿಗಳಲ್ಲಿ ರೇಡಿಯೋ ಒಂದೇ. ಕೇಳುವಾಗ ಮಾತಾಡಲಾರದು, ಮಾತಾಡುವಾಗ ಕೇಳಲಾರದು. ಕೆಳಗಿನಮನೆಯಿಂದ ಒಂದು ಹೆಜ್ಜೆಯಲ್ಲಿ 36 ಮೆಗಾಬಿಟ್ ಬಂದರೆ ಎರಡರಲ್ಲಿ 17, ಮೂರರಲ್ಲಿ 11. ಇದಕ್ಕೆ ಯಾವ ಪದರದಲ್ಲೂ ಮಂತ್ರವಿಲ್ಲ, ಎರಡನೇ ರೇಡಿಯೋಗೆ ದುಡ್ಡು ಹಾಕಬೇಕು. ಇನ್ನೊಂದು, ಎಲ್ಲರಿಗೂ ಎಂದು ಬರುವ ಫ್ರೇಮನ್ನು ಪ್ರತಿ ಡಬ್ಬಿಯೂ ಗಾಳಿಗೆ ಮೂರು ಸಲ ಬಿಡುತ್ತದೆ, ದಾರಿಯಲ್ಲಿ ಕಳೆದುಹೋಗಬಾರದೆಂದು. ಒಂಬತ್ತು ಮನೆಗೆ 27 ಸಲ. ಒಂದು ಫೋನು "ಈ ಐಪಿ ಯಾರದ್ದಪ್ಪ" ಎಂದು ಕೇಳಿದರೆ ಇಪ್ಪತ್ತೇಳು ಕೂಗು! ಹೀಗಾಗದಿರಲು ಉತ್ತರವನ್ನು ಹಂಚಿ ನೆನಪಿಟ್ಟುಕೊಳ್ಳುವ ಉಪಾಯ ಇದೆ. ಆದರೂ ಮನೆಗಳು ನೂರಾರಾದರೆ ಗಾಳಿಯೆಲ್ಲ ಬರೀ ಕೂಗಿನಿಂದಲೇ ತುಂಬುತ್ತದೆ. ಮ್ಯಾಕ್ ವಿಳಾಸದಲ್ಲಿ ಊರಿನ ಹೆಸರಿಲ್ಲ ಎಂದೆನಲ್ಲ, ಅದರ ಬೆಲೆ ಇಲ್ಲಿ ತೆರಬೇಕು. ಗುಂಪಾಗಿ ನೆನಪಿಡಲು ಬಾರದು, ಒಬ್ಬೊಬ್ಬರನ್ನೂ ಬಿಡಿಬಿಡಿಯಾಗಿ ನೆನಪಿಡಬೇಕು. ಜರ್ಮನಿಯ ಫ್ರೈಫುಂಕ್‌ನವರೇ ತಮ್ಮ ದೊಡ್ಡ ಬ್ಯಾಟ್‌ಮನ್ ಜಾಲಗಳನ್ನು ಒಡೆದು ಚಿಕ್ಕ ಚಿಕ್ಕ ಕೇರಿ ಮಾಡಿಕೊಂಡಿದ್ದಾರೆ. ಕೆಲವರು ಮೂರನೇ ಪದರಕ್ಕೆ ವಾಪಸ್ ಹೋಗಿದ್ದೂ ಉಂಟು. ವೈ-ಸನ್ ಎಂಬ ನಿಸ್ತಂತು ಮಾನಕದ ವಿದ್ಯುತ್ ಮೀಟರುಗಳೂ ಸಾಮಾನ್ಯವಾಗಿ ದಾರಿ ಹುಡುಕುವುದು ಮೂರನೇ ಪದರದಲ್ಲೇ. ಸಾವಿರಗಟ್ಟಲೆ ಮೀಟರಿಗೆ ಅದೇ ಸರಿ. ಕೇರಿಗೆ ಎರಡನೇ ಪದರ, ತಾಲ್ಲೂಕಿಗೆ ಮೂರನೆಯದು ಎಂಬುದು ನನ್ನ ಅಭಿಪ್ರಾಯ. ಗೊತ್ತಿರುವವರು ತಿದ್ದಲಿ.

ಈ ಪತ್ರ ಬರೆಯಲು ನಿಜವಾದ ಕಾರಣ ಬೇರೆ ಇದೆ. ನಮ್ಮ ಪಂಚಾಯ್ತಿಗೆ ಒಂದು ಖಾಸಗಿ ಕಂಪನಿ ಕೊಟೇಶನ್ ಕೊಟ್ಟಿದೆ. ಶಾಲೆ, ಗ್ರಂಥಾಲಯ, ಅಂಗನವಾಡಿ ಎಲ್ಲದಕ್ಕೂ 'ಮೆಶ್' ಹಾಕಿಕೊಡುತ್ತಾರಂತೆ. ಪಂಚಾಯ್ತಿ ಸಭಾಂಗಣದಲ್ಲಿ ಮೂರು ಡಬ್ಬಿ ಇಟ್ಟು ತೋರಿಸಿದರು, ನೋಡಲು ನಾನೂ ಹೋಗಿದ್ದೆ. ಕೊನೆಯ ಡಬ್ಬಿಯ ಹತ್ತಿರ ಕೂತ ಸದಸ್ಯರೊಬ್ಬರು ಯಕ್ಷಗಾನದ ವಿಡಿಯೊ ನೋಡಿ ತಲೆದೂಗುತ್ತಿದ್ದರು. ನಾನು ಎದ್ದು ನಿಂತು, "ನಡುವಿನ ಡಬ್ಬಿ ಆರಿಸ್ಲಾ?" ಎಂದೆ. ತೋರಿಸಲು ಬಂದ ಹುಡುಗನ ಮುಖ ಬಾಡಿತು. "ಹಾಗೆಲ್ಲ ಮಾಡಬಾರದು ಸಾರ್." ಮಾಡಿದೆ. ಭಾಗವತರು ಬಾಯಿ ತೆರೆದಲ್ಲೇ ನಿಂತರು. ಮೊದಲ ಡಬ್ಬಿ ಕೊನೆಯದರಿಂದ ಹದಿನೈದು ಅಡಿ ದೂರದಲ್ಲಿ ಕಣ್ಣಿಗೆ ಕಾಣುವಂತೆ ಕೂತಿತ್ತು, ಆದರೂ ಕೊನೆಯದಕ್ಕೆ ಅದರ ಹತ್ತಿರ ಮಾತಾಡಬಹುದೆಂದು ತೋಚಲಿಲ್ಲ. ಅದು ಮೆಶ್ ಅಲ್ಲ, ಸಾಲಾಗಿ ಕೂರಿಸಿದ ರಿಪೀಟರ್, ಅಂದರೆ ಹಿಂದಿನ ಡಬ್ಬಿ ಹೇಳಿದ್ದನ್ನಷ್ಟೇ ಮುಂದಕ್ಕೆ ದಾಟಿಸುವಂಥದ್ದು. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೆ ಕೊಟ್ಟ ಪೆಟ್ಟಿಗೆಯ ಮೇಲೆ ಹಾಗೆ ಅಚ್ಚಾಗಿತ್ತು.

ಮುಂದಿನ ವಾರ ನಾಲ್ವರು ಸದಸ್ಯರನ್ನು ನಮ್ಮ ಕೇರಿಗೆ ಕರೆದು ತಂದೆ. ಹಳ್ಳದಾಚೆ ಜಗಲಿಯಲ್ಲಿ ಕೂರಿಸಿ, ವಿಡಿಯೊ ಕರೆ ಹಚ್ಚಿಸಿ, ತೋಟದಮನೆಯ ಡಬ್ಬಿ ಆರಿಸಲು ಹೇಳಿದೆ. ಚಿತ್ರ ನಿಂತಿತು. ಒಬ್ಬರು ಗಟ್ಟಿಯಾಗಿ ಎಣಿಸತೊಡಗಿದರು. ಹನ್ನೊಂದಕ್ಕೆ ಚಿತ್ರ ಮತ್ತೆ ನಡೆಯಿತು. ಹನ್ನೊಂದು ಯಾಕೆ, ತಕ್ಷಣ ಯಾಕಿಲ್ಲ ಎಂದು ಅವರೇ ಕೇಳಿದರು. ಕೂ ನಿಂತಿದೆ ಎಂದು ಖಾತ್ರಿಯಾಗಲು ಕೆಲವು ಕೂ ತಪ್ಪಬೇಕಲ್ಲ ಎಂದೆ. ತಲೆಯಾಡಿಸಿದರು. ಮಲೆನಾಡಿನವರಿಗೆ ಅದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಕೊಟೇಶನ್ ಇನ್ನೂ ಪಂಚಾಯ್ತಿ ಮೇಜಿನ ಮೇಲಿದೆ. ಅಕ್ಕಪಕ್ಕದ ಪಂಚಾಯ್ತಿಗಳಿಗೂ ಹೋಗಿದೆಯಂತೆ. ನಿಮ್ಮ ಪತ್ರಿಕೆ ಅಲ್ಲೆಲ್ಲ ಓದುತ್ತಾರೆ, ಅದಕ್ಕೇ ಬರೆದೆ. ದಯವಿಟ್ಟು ಆ ಬಾಕ್ಸಿನ ಎರಡು ವಾಕ್ಯ ತಿದ್ದಿ ಹಾಕಿ, ನಡುವಿನ ಡಬ್ಬಿ ಆರಿಸಿ ನೋಡುವ ವಿಚಾರವನ್ನೂ ಜೊತೆಗೆ ಸೇರಿಸಿ. ಲೇಖಕರಿಗೆ ಬಿಡುವಿದ್ದರೆ ನಮ್ಮ ಕೇರಿಗೆ ಬರಲಿ. ಜೂನ್ ಎರಡನೇ ವಾರದಿಂದ ಜುಲೈ ಒಳಗೆ ಬಂದರೆ ದಾರಿ ಬದಲಾಗುವುದನ್ನು ನನ್ನ ಪುಸ್ತಕದಲ್ಲೂ ಪರದೆಯಲ್ಲೂ ನೋಡಬಹುದು. ಇಂಬಳಕ್ಕೆ ಸುಣ್ಣ, ಹೊಗೆಸೊಪ್ಪು ನಾನೇ ಕೊಡುತ್ತೇನೆ.

ಇಂತಿ,
ಒಬ್ಬ ನಿವೃತ್ತ ಟೆಲಿಫೋನ್ ಮೆಕ್ಯಾನಿಕ್
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ